ಕಾರಿನ ಬ್ಯಾಟರಿಯಲ್ಲಿ ಗೇಮ್ ಕನ್ಸೋಲ್

ಬೇಸಿಗೆ ರಜೆಗೆ ಬೆಂಗಳೂರಿನಿಂದ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಊರುಗಳಿಗೆ ಹೊರಡುವ ಮನೆಗಳಲ್ಲಿ ಮಕ್ಕಳದ್ದೊಂದು ಹೊಸ ಬೇಡಿಕೆ ಶುರುವಾಗಿದೆ. ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಕನ್ಸೋಲ್ ಕಾರಿನಲ್ಲೂ ನಡೆಯಬೇಕು. ನಡೆಯುತ್ತದೆ. ಕಾರಿನಲ್ಲಿರುವುದು 12 ವೋಲ್ಟ್, ಕನ್ಸೋಲಿಗೆ ಬೇಕಿರುವುದು 230 ವೋಲ್ಟ್, ಅದನ್ನೆಲ್ಲಿಂದ ತರುವುದು ಎಂದು ಹೆಚ್ಚಿನವರು ಚಿಂತಿಸುತ್ತಾರೆ. ಅದು ದೊಡ್ಡ ತೊಡಕೇ ಅಲ್ಲ, ಆ ಕೆಲಸದ ಇನ್ವರ್ಟರ್ ಡಬ್ಬಿ ಅಂಗಡಿಯಲ್ಲೇ ಸಿಗುತ್ತದೆ. ತೊಡಕೆಲ್ಲ ಇರುವುದು ಬ್ಯಾಟರಿಯಿಂದ ಆ ಡಬ್ಬಿಯವರೆಗಿನ ನಾಲ್ಕಾರು ಮೀಟರ್ ತಂತಿಯಲ್ಲಿ.

ಲೆಕ್ಕ ಹಾಕಿ ನೋಡೋಣ. ಪ್ಲೇಸ್ಟೇಷನ್ 5ರಂಥ ದೊಡ್ಡ ಕನ್ಸೋಲ್ ಭಾರೀ ಆಟ ನಡೆಯುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ. ಚಿಕ್ಕ ಪರದೆಗೆ 25 ವ್ಯಾಟ್ ಸೇರಿಸಿ. ಇನ್ವರ್ಟರಿನಲ್ಲಿ ನೂರಕ್ಕೆ ಹತ್ತು ಪಾಲು ಶಾಖವಾಗಿ ಹೋಗುತ್ತದೆಂದು ಹಿಡಿದರೆ ಬ್ಯಾಟರಿ 250 ವ್ಯಾಟ್ ಕೊಡಬೇಕು. ಅದು 230 ವೋಲ್ಟಿನಲ್ಲಿ ಒಂದು ಆಂಪಿಯರಿಗಿಂತ ತುಸು ಹೆಚ್ಚು, ಅಷ್ಟೆ. ಹನ್ನೆರಡು, ಹನ್ನೆರಡೂವರೆ ವೋಲ್ಟಿನಲ್ಲಿ ಇದೇ ಶಕ್ತಿ ಬೇಕೆಂದರೆ 20 ಆಂಪಿಯರ್ ಹರಿಯಬೇಕು. ಮನೆ ವೈರಿಂಗಿನಲ್ಲಿ ಉಳಿದ 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಹೋಗಿ ಬರಲು ಒಟ್ಟು ಎಂಟು ಮೀಟರ್ ಎಳೆದಿರೆನ್ನಿ. ಅದರಲ್ಲೇ ಸುಮಾರು 1.9 ವೋಲ್ಟ್ ಕರಗಿಹೋಗುತ್ತದೆ. 37 ವ್ಯಾಟ್ ಶಾಖ ಕಾರ್ಪೆಟ್ಟಿನಡಿ ಕೂರುತ್ತದೆ. ಇನ್ವರ್ಟರ್ ಬ್ಯಾಟರಿ ಇಳಿದಿದೆಯೆಂದು ತಿಳಿದು ಕೀಂಯೆಂದು ಕೂಗಿಕೊಳ್ಳುತ್ತದೆ. ಅದೇ ತಂತಿಯಲ್ಲಿ 230 ವೋಲ್ಟ್ ಕಳಿಸಿದರೆ ನಷ್ಟ ಒಂದು ವ್ಯಾಟಿನಷ್ಟೂ ಇಲ್ಲ.

ಈ ಪಾಠವನ್ನು ಭಾರತ ದೊಡ್ಡ ಪ್ರಮಾಣದಲ್ಲಿ ಕಲಿತದ್ದು ಮಳವಳ್ಳಿ ತಾಲ್ಲೂಕಿನಲ್ಲೇ. 1902ರ ಜೂನ್ 30ರಂದು ಅಲ್ಲಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹೊರಟಿತು. ದಾರಿ 147 ಕಿಲೋಮೀಟರ್. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದು. ಅಷ್ಟು ದೂರ ಕಳಿಸಲು ಎಂಜಿನಿಯರುಗಳು ವೋಲ್ಟೇಜನ್ನು 35 ಸಾವಿರಕ್ಕೆ ಏರಿಸಿದರು. ಶಕ್ತಿ ಅಷ್ಟೇ ಇದ್ದರೆ ವೋಲ್ಟ್ ಏರಿದಂತೆ ಆಂಪಿಯರ್ ಇಳಿಯುತ್ತದೆ. ಆಂಪಿಯರ್ ಅರ್ಧಕ್ಕಿಳಿದರೆ ತಂತಿಯ ನಷ್ಟ ಕಾಲುಭಾಗಕ್ಕಿಳಿಯುತ್ತದೆ. ಕಾವೇರಿಯನ್ನು ಎರಡು ಕಡೆ ನೋಡಿದವರಿಗೆ ಇದು ಬೇಗ ಹಿಡಿಯುತ್ತದೆ. ಶಿವನಸಮುದ್ರದಲ್ಲಿ ನೀರು ನೂರು ಮೀಟರಿಗೂ ಮೇಲಿನಿಂದ ಬೀಳುವುದರಿಂದ ಒಂದು ಕೊಳವೆಯಷ್ಟು ನೀರೇ ಟರ್ಬೈನ್ ತಿರುಗಿಸುತ್ತದೆ. ಮಂಡ್ಯದ ಗದ್ದೆಬಯಲಿನ ವಿಶ್ವೇಶ್ವರಯ್ಯ ನಾಲೆಯ ಸಣ್ಣ ಇಳಿಜಾರಿನಲ್ಲಿ ಅಷ್ಟೇ ಶಕ್ತಿ ಬೇಕೆಂದರೆ ನಾಲೆ ತುಂಬ ನೀರು ಬೇಕು. ಕಾರಿನ 12 ವೋಲ್ಟ್ ನಾಲೆಯ ಇಳಿಜಾರು. ಅದಕ್ಕೆ ತಕ್ಕ ಅಗಲದ ತಂತಿ ಇಲ್ಲದಿದ್ದರೆ ಶಕ್ತಿ ದಾರಿಯಲ್ಲೇ ಹೋಗುತ್ತದೆ.

ಹಾಗಾಗಿ ವೋಲ್ಟೇಜನ್ನು ಹುಟ್ಟುವ ಜಾಗದ ಹತ್ತಿರವೇ ಏರಿಸಬೇಕು. ಇನ್ವರ್ಟರ್ ಬ್ಯಾಟರಿಯ ಸಮೀಪವಿರಲಿ, 12 ವೋಲ್ಟಿನ ತಂತಿ ಗಿಡ್ಡಗೂ ದಪ್ಪಗೂ ಇರಲಿ, ಹಿಂದಿನ ಸೀಟಿಗೆ ಹೋಗುವ ಉದ್ದದ ತಂತಿ 230 ವೋಲ್ಟಿನದಾಗಲಿ. ಹಾಗೆಂದು ಡಬ್ಬಿಯನ್ನು ಬಾನೆಟ್ಟಿನ ಕೆಳಗಿಡುವಂತಿಲ್ಲ, ಅಲ್ಲಿನ ಕಾವಿಗೂ ನೀರಿಗೂ ಅದು ಬಾಳುವುದಿಲ್ಲ. ಮುಂದಿನ ಸೀಟಿನಡಿ, ಗಾಳಿಯಾಡುವ ಕಡೆ ಸರಿಯಾದ ಜಾಗ. ತಂತಿ 10 ಚದರ ಮಿಲಿಮೀಟರಿನದು ಹಾಕಿದರೆ ನೆಮ್ಮದಿ. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ 30 ಆಂಪಿಯರ್ ಫ್ಯೂಸ್ ಇರಲೇಬೇಕು. ಇಲ್ಲದಿದ್ದರೆ ತಂತಿ ಎಲ್ಲಾದರೂ ತಗಡಿಗೆ ಉಜ್ಜಿ ಸುಲಿದ ದಿನ ಕಾರೇ ಹೊತ್ತಿಕೊಳ್ಳಬಹುದು. ಸಿಗರೇಟ್ ಲೈಟರ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರಿನದು. ಅದು ಪದೇಪದೇ ಸುಡುತ್ತಿದೆಯೆಂದು ದೊಡ್ಡ ಫ್ಯೂಸ್ ಹಾಕಿಸಿಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫ್ಯೂಸ್ ಕಾಯುವುದು ಕನ್ಸೋಲನ್ನಲ್ಲ, ಒಳಗಿನ ತೆಳು ತಂತಿಯನ್ನು.

ಇನ್ವರ್ಟರ್ ನಮ್ಮ ಕಡೆಯ ಮನೆಗಳಿಗೆ ಹೊಸದಲ್ಲ, ಕರೆಂಟ್ ಹೋದಾಗ ದೀಪ ಉರಿಸುವ ಯುಪಿಎಸ್ಸೇ ಅದು. ಕಡಿಮೆ ಬೆಲೆಯ ಯುಪಿಎಸ್ಸಿನಲ್ಲಿ ಫ್ಯಾನ್ ಗುಂಯ್‌ಗುಡುವುದನ್ನು ಎಲ್ಲರೂ ಕೇಳಿದ್ದೇವೆ. ಅದರಿಂದ ಹೊರಡುವುದು ಮೆಟ್ಟಿಲು ಮೆಟ್ಟಿಲಾದ ಚೌಕದ ಅಲೆ. ಕನ್ಸೋಲಿಗೆ ನಯವಾದ ಸೈನ್ ಅಲೆಯ ಇನ್ವರ್ಟರನ್ನೇ ಕೊಳ್ಳುವುದು ಒಳ್ಳೆಯದು, 400 ವ್ಯಾಟಿನದು ಸಾಕು. ಅದರಿಂದ ಹೊರಬರುವ 230 ವೋಲ್ಟ್ ಗೋಡೆಯ ಪ್ಲಗ್ಗಿನಷ್ಟೇ ಅಪಾಯದ್ದು ಎಂಬುದನ್ನು ಮಕ್ಕಳಿಗೆ ಹೇಳಿಡಬೇಕು.

ಇಷ್ಟೆಲ್ಲ ಮಾಡಿ 230 ವೋಲ್ಟ್ ಕೊಟ್ಟರೆ ಕನ್ಸೋಲ್ ಮಾಡುವುದೇನು? ಅದರೊಳಗಿನ ಪವರ್ ಸಪ್ಲೈ ಅದನ್ನು ಮತ್ತೆ ಇಳಿಸಿ ಡಿಸಿ ಮಾಡಿಕೊಳ್ಳುತ್ತದೆ. ಏರಿಸುವಾಗಲೂ ನಷ್ಟ, ಇಳಿಸುವಾಗಲೂ ನಷ್ಟ. ಈ ಸುತ್ತು ಬೇಡವೆಂಬ ಜಾಣತನ ನಮ್ಮ ಹಳ್ಳಿಗಳಲ್ಲಿ ಹಿಂದೆಯೇ ಇತ್ತು. 1987ರಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಬರತೊಡಗಿದಾಗ, ಕರೆಂಟ್ ನೆಚ್ಚಲಾಗದ ಊರುಗಳಲ್ಲಿ ಚಿಕ್ಕ ಕಪ್ಪು ಬಿಳುಪು ಟಿವಿಯ ಬೆನ್ನಿಗಿದ್ದ 12 ವೋಲ್ಟಿನ ತೂತಿಗೆ ಟ್ರ್ಯಾಕ್ಟರ್ ಬ್ಯಾಟರಿಯಿಂದ ನೇರ ತಂತಿ ಕೊಡುತ್ತಿದ್ದರು. ಮಧ್ಯೆ ಇನ್ವರ್ಟರ್ ಇರಲಿಲ್ಲ. ಇಂದು ಅದೇ ದಾರಿಗೆ ಒಗ್ಗುವುದು ಕೈಯಲ್ಲೇ ಹಿಡಿದು ಆಡುವ ನಿಂಟೆಂಡೊ ಸ್ವಿಚ್. ಅದರ ಅಡಾಪ್ಟರ್ ಗರಿಷ್ಠ ಕೊಡುವುದೇ 39 ವ್ಯಾಟ್, ಆಡುವಾಗ ಬೇಕಿರುವುದು ಅದಕ್ಕೂ ಬಹಳ ಕಡಿಮೆ. ಕಾರಿನ ಒಳ್ಳೆಯ ಟೈಪ್-ಸಿ ಚಾರ್ಜರಿನಲ್ಲಿ ನಡೆದುಬಿಡುತ್ತದೆ. ಮನೆಯ ಕನ್ಸೋಲೇ ಬೇಕೆಂಬ ಹಟವಿದ್ದರೆ ಎಕ್ಸ್‌ಬಾಕ್ಸ್ ಸೀರೀಸ್ ಎಸ್ 80 ವ್ಯಾಟಿನ ಆಸುಪಾಸಿನದು. ಮೊದಲು ವ್ಯಾಟ್ ನೋಡಿ, ಆಮೇಲೆ ಇನ್ವರ್ಟರ್ ನೋಡಿ ಎಂಬುದು ನನ್ನ ಸಲಹೆ.

ಇನ್ನು ಬ್ಯಾಟರಿ. ಸಣ್ಣ ಪೆಟ್ರೋಲ್ ಕಾರಿನಲ್ಲಿ 35 ಆಂಪಿಯರ್-ಗಂಟೆಯದು ಮಾಮೂಲಿ. ಕಾಗದದ ಮೇಲೆ 420 ವ್ಯಾಟ್-ಗಂಟೆಯಾದರೂ, ಅದು ಎಂಜಿನ್ನಿಗೆ ಕ್ಷಣಕಾಲ ಭಾರೀ ಕರೆಂಟ್ ಕೊಡಲೆಂದು ಮಾಡಿದ್ದು. ಆಳಕ್ಕೆ ಬರಿದು ಮಾಡಿದರೆ ಬೇಗ ಕೆಡುತ್ತದೆ. ಮದ್ದೂರಿನಲ್ಲಿ ವಡೆ ತಿನ್ನಲು ನಿಂತಾಗ ಎಂಜಿನ್ ಆರಿಸಿ ದೊಡ್ಡ ಕನ್ಸೋಲ್ ನಡೆಸಿದರೆ, ಅರ್ಧ ಗಂಟೆ ದಾಟಿದ ಮೇಲೆ ಕಾರು ಸ್ಟಾರ್ಟ್ ಆಗುವ ಭರವಸೆ ಇಡಲಾಗದು. ಎಂಜಿನ್ ಓಡಿ, ಬ್ಯಾಟರಿ ತುಂಬುವ ಆಲ್ಟರ್ನೇಟರ್ ತಿರುಗುವಾಗ ಮಾತ್ರ ಆಡಬೇಕು. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿಕೊಂಡು ಆಡಲೇಬಾರದು, ಹೊಗೆಯಲ್ಲಿರುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಸ್ಟಾರ್ಟರ್ ತಿರುಗಿದಾಗ ವೋಲ್ಟೇಜ್ ಹತ್ತರ ಹತ್ತಿರ ಕುಸಿದು ಇನ್ವರ್ಟರ್ ಆರುವುದುಂಟು. ಆಟ ಸೇವ್ ಆಗುತ್ತಿದ್ದ ಹೊತ್ತಿನಲ್ಲಿ ಹೀಗಾದರೆ ಅಷ್ಟು ದಿನದ ಆಟವೇ ಅಳಿಸಿಹೋಗಬಹುದು. ಎಂಜಿನ್ ಸ್ಟಾರ್ಟ್ ಆದಮೇಲೆ ಕನ್ಸೋಲ್ ಹಾಕಿ, ಕನ್ಸೋಲ್ ಆರಿಸಿದ ಮೇಲೆ ಎಂಜಿನ್ ನಿಲ್ಲಿಸಿ.

ಪ್ಲೇಸ್ಟೇಷನ್ನಿನ ಕೈಪಿಡಿ 35 ಡಿಗ್ರಿಯ ಮೇಲೆ ಬಳಸಬೇಡಿ ಎನ್ನುತ್ತದೆ. ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಕಾವಿರುತ್ತದೆ, ಎಸಿ ಹಾಕಿ ತಣಿಸಿಕೊಂಡೇ ಶುರುಮಾಡಬೇಕು. ಮಳವಳ್ಳಿ ಕಡೆಯ ಒಳರಸ್ತೆಗಳ ಉಬ್ಬುತಗ್ಗಿನಲ್ಲಿ ತಿರುಗುವ ಡಿಸ್ಕಿಗೆ ಗೀರು ಬೀಳಬಹುದು, ಡೌನ್‌ಲೋಡ್ ಮಾಡಿದ ಆಟವೇ ವಾಸಿ. ಪರದೆ ಚಾಲಕನ ಕಣ್ಣಿಗಾಗಲಿ ಹಿಂಬದಿ ಕನ್ನಡಿಗಾಗಲಿ ಕಾಣಬಾರದು. ಕನ್ಸೋಲ್ ನಾಲ್ಕೂವರೆ ಕಿಲೋದವರೆಗೆ ತೂಗುತ್ತದೆ. ಬೆಂಗಳೂರಿನಿಂದ ಮಂಡ್ಯದತ್ತ ಹೋಗುವ, 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ಹೆದ್ದಾರಿಯ ವೇಗದಲ್ಲಿ ಗಕ್ಕನೆ ಬ್ರೇಕ್ ಬಿದ್ದರೆ ಅದು ಮುಂದಿನವರ ತಲೆಗೇ ಬಡಿಯುತ್ತದೆ. ಗಾಳಿಕಿಂಡಿ ಮುಚ್ಚದಂತೆ ಅದನ್ನು ಪಟ್ಟಿಯಿಂದ ನೆಲಕ್ಕೆ ಬಿಗಿದು, ಮಕ್ಕಳಿಗೂ ಸೀಟ್ ಬೆಲ್ಟ್ ಹಾಕಿಸಿ ಹೊರಡಬೇಕು.