ದಾನ ಮತ್ತು ಪಾಲನೆ: ಷಿಕಾಗೋವಿನ ಹಲ್ ಹೌಸ್ ಹಾಗೂ ಶ್ರೀಮತಿ ಬೋವೆನ್

ಸಮಾಜಸೇವೆಯ ಚರಿತ್ರೆಯನ್ನು ಬರೆಯುವವರು ಸೇವೆಗೈದವರ ಹೆಸರನ್ನು ಶೀರ್ಷಿಕೆಯಲ್ಲಿಡುತ್ತಾರೆ. ವೆಚ್ಚವನ್ನು ಹೊತ್ತವರ ಹೆಸರು ಬಹುಮಟ್ಟಿಗೆ ಅಡಿಟಿಪ್ಪಣಿಯ ಪಾಲಾಗುತ್ತದೆ. ಹಲ್ ಹೌಸ್ ಎಂದೊಡನೆ ನೆನಪಿಗೆ ಬರುವವರು ಜೇನ್ ಆಡಮ್ಸ್. 1931ರ ನೊಬೆಲ್ ಶಾಂತಿ ಪಾರಿತೋಷಕದಲ್ಲಿ ಪಾಲು ಪಡೆದ ಆ ಮಹನೀಯರಿಗೆ ಅದು ಸಲ್ಲತಕ್ಕ ಗೌರವವೇ ಸರಿ. ಆದರೆ ಆ ಸಂಸ್ಥೆಯನ್ನು ಸುಮಾರು ಅರ್ಧ ಶತಮಾನದ ಕಾಲ ಧನದಿಂದಲೂ ದುಡಿಮೆಯಿಂದಲೂ ಪೋಷಿಸಿದ ಲೂಯಿಸ್ ಡಿ ಕೋವೆನ್ ಬೋವೆನ್ ಅವರನ್ನು ಅರಿಯದೆ ಅದರ ಕಥೆ ಪೂರ್ಣವಾಗದು. ದಾನಿಗೂ ದಾನ ಪಡೆದ ಸಂಸ್ಥೆಗೂ ಇರಬೇಕಾದ ಸಂಬಂಧವೆಂತಹದು ಎಂಬ ಪ್ರಶ್ನೆಗೆ ಅವರ ಬಾಳು ಒಂದು ಒಳ್ಳೆಯ ನಿದರ್ಶನ.

‘ಸೆಟ್ಲ್‌ಮೆಂಟ್’ ಎಂಬ ಸಂಸ್ಥೆಯ ತತ್ತ್ವ ಸರಳವಾದುದು. ವಿದ್ಯಾವಂತರು ಬಡವರ ಕೇರಿಗೆ ಬಂದು ಹೋಗುವುದಲ್ಲ, ಅಲ್ಲಿಯೇ ನೆಲೆಸಿ ನೆರೆಯವರಾಗಬೇಕು. 1884ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ಸ್ಥಾಪಿತವಾದ ಟಾಯ್ನ್‌ಬೀ ಹಾಲ್ ಇದಕ್ಕೆ ಮೇಲ್ಪಂಕ್ತಿ. ಅದನ್ನು ಕಂಡುಬಂದ ಜೇನ್ ಆಡಮ್ಸ್ ತಮ್ಮ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಅವರೊಡನೆ 1889ರ ಸೆಪ್ಟೆಂಬರಿನಲ್ಲಿ ಷಿಕಾಗೋವಿನ ಹಾಲ್‌ಸ್ಟೆಡ್ ಬೀದಿಯ ಹಳೆಯ ಮನೆಯೊಂದರಲ್ಲಿ ವಾಸಕ್ಕೆ ನಿಂತರು. ಸುತ್ತಲೂ ಇಟಲಿ, ಗ್ರೀಸ್, ರಷ್ಯ, ಬೊಹೀಮಿಯಗಳಿಂದ ಬಂದ ವಲಸೆಗಾರರ ವಸತಿ. ಮೊದಲು ಶಿಶುವಿಹಾರ, ಓದುವ ಕೂಟ. ಬಳಿಕ ವ್ಯಾಯಾಮಶಾಲೆ, ನಾಟಕಶಾಲೆ, ಸಂಗೀತಶಾಲೆ. 1907ರ ವೇಳೆಗೆ ಅಲ್ಲಿ ಹದಿಮೂರು ಕಟ್ಟಡಗಳಿದ್ದವು.

ಕಟ್ಟಡ ಬೆಳೆದಂತೆ ಹಣದ ಪ್ರಶ್ನೆಯೂ ಬೆಳೆಯಿತು. 1910ರಲ್ಲಿ ಪ್ರಕಟವಾದ ತಮ್ಮ ನೆನಪಿನ ಗ್ರಂಥದಲ್ಲಿ ಆಡಮ್ಸ್ ಎರಡು ಪ್ರಸಂಗಗಳನ್ನು ಹೇಳಿದ್ದಾರೆ. ದುಡಿಯುವ ಹೆಣ್ಣುಮಕ್ಕಳ ವಸತಿಗಾಗಿ 20,000 ಡಾಲರು ಕೊಡಲು ಒಬ್ಬರು ಮುಂದೆ ಬಂದರು. ಆದರೆ ಅವರೇ ತಮ್ಮಲ್ಲಿ ದುಡಿಯುವ ಹುಡುಗಿಯರಿಗೆ ತೀರ ಕಡಿಮೆ ಕೂಲಿ ಕೊಡುವವರೆಂದು ಹೆಸರಾಗಿದ್ದರು. ಆ ಹಣವನ್ನು ಸ್ವೀಕರಿಸಲಿಲ್ಲ. ಇನ್ನೊಮ್ಮೆ, ಇಕ್ಕಟ್ಟಿನ ಕೋಣೆಗಳಲ್ಲಿ ನಡೆಯುತ್ತಿದ್ದ ಹೊಲಿಗೆಯ ದುಡಿಮೆಯನ್ನು ನಿಯಂತ್ರಿಸುವ ಮಸೂದೆಯ ಪರವಾದ ಪ್ರಯತ್ನವನ್ನು ಕೈಬಿಟ್ಟರೆ 50,000 ಡಾಲರು ದೊರೆಯುವುದೆಂಬ ಸೂಚನೆ ಬಂದಿತು. ಅದನ್ನೂ ತಿರಸ್ಕರಿಸಲಾಯಿತು, 1893ರಲ್ಲಿ ಕಾನೂನು ಜಾರಿಗೆ ಬಂದಿತು. ಹೀಗೆ ಬೇಡವೆನ್ನುವ ಶಕ್ತಿ ಸಂಸ್ಥೆಗೆ ಇರಬೇಕಾದರೆ, ಷರತ್ತಿಲ್ಲದೆ ಕೊಡುವವರು ಬೇರೊಂದು ಕಡೆಯಲ್ಲಿ ಇರಲೇಬೇಕು. ಅಂತಹವರಲ್ಲಿ ಮೇರಿ ರೋಜೆಟ್ ಸ್ಮಿತ್ ಒಬ್ಬರು, ಬೋವೆನ್ ಮತ್ತೊಬ್ಬರು.

1859ರಲ್ಲಿ ಷಿಕಾಗೋವಿನಲ್ಲಿಯೇ ಜನಿಸಿದ ಬೋವೆನ್ ಅವರಿಗೆ, ಊರು ಹಳ್ಳಿಯಾಗಿದ್ದಾಗ ನೆಲ ಕೊಂಡಿಟ್ಟ ತಾತನಿಂದ ಅಪಾರ ಆಸ್ತಿ ಬಂದಿತ್ತು. 1890ರ ದಶಕದಲ್ಲಿ ಹಲ್ ಹೌಸಿನ ಮಹಿಳಾಸಂಘದ ಕೆಲಸದಿಂದ ಅವರ ಸಂಬಂಧ ಮೊದಲಾಯಿತು. ಆ ಸಂಘಕ್ಕಾಗಿ ಸಭಾಭವನವನ್ನೂ, ಬಾಲಕರ ಸಂಘಕ್ಕೆ ಪ್ರತ್ಯೇಕ ಕಟ್ಟಡವನ್ನೂ ಕಟ್ಟಿಸಿಕೊಟ್ಟರು. ಧರ್ಮದರ್ಶಿಯಾಗಿ, ಕೋಶಾಧ್ಯಕ್ಷೆಯಾಗಿ ದುಡಿದರು. 1911ರಲ್ಲಿ ಪತಿ ತೀರಿಕೊಂಡ ಮೇಲೆ, ಅವರ ನೆನಪಿಗೆ ವಾಕೀಗನ್ ಊರಿನ ಬಳಿ 72 ಎಕರೆ ಭೂಮಿಯನ್ನು ಕೇರಿಯ ಮಕ್ಕಳ ಬೇಸಗೆಯ ವಿಹಾರಕ್ಕೆಂದು ಕೊಟ್ಟರು. 1920ರ ದಶಕದ ಕೊನೆಯ ಹೊತ್ತಿಗೆ ಅವರು ಕೊಟ್ಟ ಒಟ್ಟು ಮೊತ್ತ ಐದು ಲಕ್ಷ ಡಾಲರುಗಳನ್ನು ಮೀರಿತ್ತು.

ಆದರೆ ಮೊತ್ತಕ್ಕಿಂತ ಅವರ ಕಾರ್ಯವಿಧಾನ ಗಮನಾರ್ಹವಾದುದು. 1899ರಲ್ಲಿ ಷಿಕಾಗೋವಿನಲ್ಲಿ ಬಾಲಾಪರಾಧಿಗಳಿಗಾಗಿ ಪ್ರತ್ಯೇಕ ನ್ಯಾಯಾಲಯ ಸ್ಥಾಪಿತವಾಯಿತು. ಅಮೆರಿಕದಲ್ಲಿ ಇದೇ ಮೊದಲನೆಯದು. ಮಕ್ಕಳ ಮೇಲ್ವಿಚಾರಕರನ್ನು ನೇಮಿಸಲು ಕಾನೂನು ಅನುಮತಿಯನ್ನಿತ್ತಿತು, ಸಂಬಳಕ್ಕೆ ಹಣವನ್ನೀಯಲಿಲ್ಲ. ಬೋವೆನ್ ಮುಂದೆ ಅಧ್ಯಕ್ಷೆಯಾದ ಮಹಿಳಾ ಸಮಿತಿಯೊಂದು ಆ ಸಂಬಳವನ್ನು ಕೂಡಿಸಿತು, ಮಕ್ಕಳನ್ನು ಸೆರೆಮನೆಯ ಬದಲು ಇರಿಸಲು ಮನೆಯೊಂದನ್ನೂ ನಡೆಸಿತು. ಸರ್ಕಾರವೇ ಭಾರವನ್ನು ವಹಿಸಿಕೊಂಡಾಗ ಸಮಿತಿ ಆ ಕೆಲಸದಿಂದ ಹಿಂದೆ ಸರಿದು, ಮಕ್ಕಳು ಅಪರಾಧಕ್ಕೆ ಇಳಿಯುವ ಕಾರಣಗಳ ಅನ್ವೇಷಣೆಗೆ ತೊಡಗಿತು. ದಾನವು ಸರ್ಕಾರದ ಕರ್ತವ್ಯಕ್ಕೆ ಬದಲಾಗಿ ನಿಲ್ಲದೆ, ಆ ಕರ್ತವ್ಯಕ್ಕೆ ದಾರಿ ತೋರಿಸಿತು. ತಾವು ಷೇರು ಹೊಂದಿದ್ದ ಪುಲ್‌ಮನ್ ಕಂಪನಿಯಲ್ಲಿನ ಕಾರ್ಮಿಕರ ಸ್ಥಿತಿಯನ್ನು ಕುರಿತು ಕಂಪನಿಯವರನ್ನೇ ಪ್ರಶ್ನಿಸಲು ಬೋವೆನ್ ಹಿಂಜರಿಯಲಿಲ್ಲ. ಲಾಭ ಪಡೆಯುವವರಿಗೆ ಅದರ ಮೂಲವನ್ನು ವಿಚಾರಿಸುವ ಹೊಣೆಯೂ ಉಂಟೆಂಬುದು ಅವರ ನಿಲುವು. ಮೊದಲನೆಯ ಮಹಾಯುದ್ಧವನ್ನು ಆಡಮ್ಸ್ ವಿರೋಧಿಸಿದಾಗ ಅನೇಕ ದಾನಿಗಳು ದೂರವಾದರು, ಬೋವೆನ್ ದೂರವಾಗಲಿಲ್ಲ.

ಚಿತ್ರದ ಇನ್ನೊಂದು ಮಗ್ಗುಲನ್ನೂ ನೋಡಬೇಕು. 1935ರಲ್ಲಿ ಆಡಮ್ಸ್ ನಿಧನರಾದ ಮೇಲೆ ಆಡಳಿತದ ಅಧ್ಯಕ್ಷತೆ ಬೋವೆನ್ ಅವರಿಗೆ ಬಂದಿತು. 1937ರಲ್ಲಿ ಮುಖ್ಯ ನಿವಾಸಿಯಾಗಿ ಬಂದ ಷಾರ್ಲೆಟ್ ಕಾರ್, ಕಾರ್ಮಿಕ ಸಂಘಗಳಿಗೆ ಹತ್ತಿರವಾದವರು, ಹೊಸ ಕಾಲದವರು. ಇಬ್ಬರಿಗೂ ಹೊಂದಾಣಿಕೆಯಾಗಲಿಲ್ಲ, 1942ರ ಕೊನೆಯಲ್ಲಿ ಕಾರ್ ಹೊರಟುಹೋದರು. ಬೋವೆನ್ 1944ರವರೆಗೆ ಅಧಿಕಾರದಲ್ಲಿದ್ದು, 1953ರಲ್ಲಿ ತೀರಿಕೊಂಡರು. ಗೆಳೆತನದ ಬಲದಿಂದ ಬೆಳೆದ ದಾನ, ಆ ಗೆಳೆತನ ಮುಗಿದ ಮೇಲೆ ಯಜಮಾನಿಕೆಯ ಕಡೆಗೆ ವಾಲಿತೆಂದು ಹೇಳಿದರೆ ಅನ್ಯಾಯವಾಗಲಾರದು. 1960ರ ದಶಕದಲ್ಲಿ ವಿಶ್ವವಿದ್ಯಾಲಯಕ್ಕಾಗಿ ಬಹುಪಾಲು ಕಟ್ಟಡಗಳು ನೆಲಸಮವಾದವು. ಇತರೆಡೆಗಳಲ್ಲಿ ಸೇವೆಯನ್ನು ಮುಂದುವರಿಸಿದ ಸಂಸ್ಥೆಯೂ ಹಣವಿಲ್ಲದೆ 2012ರಲ್ಲಿ ಮುಚ್ಚಿತು. ಮೂಲಗೃಹ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ವಾಕೀಗನ್ನಿನ ಭೂಮಿ ಬೋವೆನ್ ಹೆಸರಿನ ಉದ್ಯಾನವಾಗಿದೆ.

ಈ ಚಳುವಳಿಯ ಕೊಂಬೆಯೊಂದು ಮುಂಬಯಿಗೂ ಚಾಚಿತ್ತೆಂಬುದನ್ನು ನಮ್ಮ ವಾಚಕರು ಮರೆಯಬಾರದು. ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಷಾರ್ಟ್ 1926ರಲ್ಲಿ ನಾಗಪಾಡದಲ್ಲಿ ನೆರೆಹೊರೆಯ ಕೇಂದ್ರವನ್ನು ತೆರೆದರು. ಆ ಅನುಭವದಿಂದಲೇ, ಸರ್ ದೊರಾಬ್ಜಿ ಟಾಟಾ ಅವರ ದತ್ತಿಯ ನೆರವಿನಿಂದ, 1936ರಲ್ಲಿ ಸಮಾಜಕಾರ್ಯದ ಶಾಲೆ ಹುಟ್ಟಿತು; ಅದೇ ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ.

ನಮ್ಮ ನಾಡಿನ ದಾನಶಾಸನಗಳು ಕೊಡುವುದಕ್ಕಿಂತ ಕೊಟ್ಟುದನ್ನು ಪಾಲಿಸುವುದೇ ಹಿರಿದೆಂದು ಸಾರುತ್ತವೆ. ಬೋವೆನ್ ಎರಡನ್ನೂ ಮಾಡಿದರು. ಆದರೆ ಪಾಲನೆ ಎಂದರೆ ಹಿಡಿದುಕೊಳ್ಳುವುದಲ್ಲ. ತನ್ನ ತರುವಾಯದವರು ತನ್ನಂತೆ ಯೋಚಿಸದಿದ್ದರೂ ಅವರ ಕೈಗೆ ಒಪ್ಪಿಸುವುದೂ ಪಾಲನೆಯೇ. ಪರನಾಡುಗಳಲ್ಲಿ ಕೆಲವೇ ಉದಾರಿಗಳ ಆಸರೆಯಿಂದ ಭವನಗಳನ್ನೂ ಶಾಲೆಗಳನ್ನೂ ಕಟ್ಟಿಕೊಂಡಿರುವ ನಮ್ಮ ಸಂಘಗಳು ಈ ಚರಿತ್ರೆಯನ್ನು ಓದಿಕೊಳ್ಳುವುದು ಒಳಿತು.