ಕಾರಿನ ಸಬ್‌ವೂಫರ್: ಡಬ್ಬಿ ಮೇಲಿನ ವಾಟ್ ನಂಬುವ ಮುನ್ನ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಈ ಮೂರೂ ಊರುಗಳಿಂದ ನಮ್ಮ ಕಾಲೇಜಿಗೆ ವಿದ್ಯಾರ್ಥಿಗಳು ಬರುತ್ತಾರೆ. ಯಾರ ಮನೆಗೆ ಹಳೆಯ ಕಾರು ಬಂದರೂ ಗೆಳೆಯರು ಮೊದಲು ಕೇಳುವುದು "ಬೇಸ್ ಹೆಂಗೈತಿ?" ಎಂದೇ. ರಾಣೇಬೆನ್ನೂರಿನಲ್ಲಿ ನಮ್ಮ ಮಾಮೂ ವಾಹನಗಳ ವೈರಿಂಗ್ ಕೆಲಸ ಮಾಡುತ್ತಾರೆ. ರಜೆ ಇದ್ದಾಗ ನಾನೂ ಅವರ ಅಂಗಡಿಯಲ್ಲಿ ಕೈಜೋಡಿಸುತ್ತೇನೆ. ಅಲ್ಲಿಗೆ ಬರುವವರು ಹೆಚ್ಚಾಗಿ ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆ ನೋಡಿ ಹಣ ಕೊಟ್ಟಿರುತ್ತಾರೆ. ಆ ಸಂಖ್ಯೆಗಿಂತ ಮುಖ್ಯವಾದ ಕೆಲವು ಸಂಗತಿಗಳಿವೆ. ಅವು ನಮ್ಮ ಪಿಯುಸಿ ಭೌತಶಾಸ್ತ್ರದ ಪಾಠಗಳಲ್ಲಿಯೇ ಇವೆ ಎಂಬ ಕಾರಣಕ್ಕೆ ಈ ಲೇಖನ.

ಸಬ್‌ವೂಫರ್ ಏಕೆ ಬೇಕು?

ನಮ್ಮ ಕಿವಿ ಸುಮಾರು 20ರಿಂದ 20,000 ಹರ್ಟ್ಜ್‌ವರೆಗಿನ ಧ್ವನಿ ಕೇಳುತ್ತದೆ. ಇದರಲ್ಲಿ ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಭಾಗವೇ ಸಬ್‌ವೂಫರ್‌ನ ಪಾಲು. ಡೊಳ್ಳಿನ ಧ್ವನಿ ಎದೆಗೆ ತಟ್ಟುವುದು ಅದರ ಅಗಲವಾದ ಚರ್ಮ ಹೆಚ್ಚು ಗಾಳಿಯನ್ನು ತಳ್ಳುವುದರಿಂದ. ಕಾರಿನ ಬಾಗಿಲಿನ 6 ಇಂಚಿನ ಸ್ಪೀಕರ್‌ಗೆ ಅಷ್ಟು ಗಾಳಿ ತಳ್ಳಲು ಆಗದು. ಹಾಗಾಗಿ 10 ಅಥವಾ 12 ಇಂಚಿನ ಕೋನ್ ಬೇಕಾಗುತ್ತದೆ.

ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಅದನ್ನು 50 ಹರ್ಟ್ಜ್‌ನಿಂದ ಭಾಗಿಸಿದರೆ ತರಂಗದೂರ ಸುಮಾರು 7 ಮೀಟರ್, ಅಂದರೆ ಕಾರಿಗಿಂತಲೂ ಉದ್ದ. ಇಷ್ಟು ಉದ್ದದ ಅಲೆ ಯಾವ ಕಡೆಯಿಂದ ಬಂತೆಂದು ಕಿವಿಗೆ ತಿಳಿಯುವುದಿಲ್ಲ. ಆದ್ದರಿಂದಲೇ ಸಬ್‌ವೂಫರ್ ಅನ್ನು ಡಿಕ್ಕಿಯಲ್ಲಿಟ್ಟರೂ ನಡೆಯುತ್ತದೆ. ಮೆಣಸಿನಕಾಯಿ ಚೀಲ ಹೇರಲು ಡಿಕ್ಕಿ ಬೇಕೆನ್ನುವ ಬ್ಯಾಡಗಿಯವರಿಗೆ ಸೀಟಿನ ಕೆಳಗೆ ಕೂರುವ ಚಿಕ್ಕ ಸಬ್‌ವೂಫರ್‌ಗಳೂ ಸಿಗುತ್ತವೆ. ಅವುಗಳಲ್ಲಿ ಎದೆ ನಡುಗುವ ಬೇಸ್ ಬರದು, ಆದರೆ ಹಾಡು ತುಂಬಿ ಬರುತ್ತದೆ.

ವಾಟ್ ಲೆಕ್ಕ

ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯುವುದು ಪೀಕ್ ವಾಟ್, ಅಂದರೆ ಕ್ಷಣಮಾತ್ರ ತಡೆಯುವ ಶಕ್ತಿ. ನೀವು ಹುಡುಕಬೇಕಾದದ್ದು ಆರ್‌ಎಂಎಸ್ ವಾಟ್, ಸತತವಾಗಿ ತಡೆಯುವ ಶಕ್ತಿ. ಆಂಪ್ಲಿಫೈಯರ್ ಮತ್ತು ಸಬ್‌ವೂಫರ್‌ಗಳ ಆರ್‌ಎಂಎಸ್ ಹತ್ತಿರ ಹತ್ತಿರ ಇರಬೇಕು.

ಇನ್ನೊಂದು ಮಾತು. ವಾಟ್ ಎರಡು ಪಟ್ಟಾದರೆ ಧ್ವನಿ ಏರುವುದು ಕೇವಲ 3 ಡೆಸಿಬಲ್. ಕಿವಿಗೆ "ಎರಡರಷ್ಟು ಜೋರು" ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಹತ್ತು ಪಟ್ಟು ಶಕ್ತಿ. 300 ವಾಟ್ ಬಿಟ್ಟು 600 ವಾಟ್‌ಗೆ ಹೆಚ್ಚಿನ ಹಣ ಸುರಿದವರಿಗೆ ಸಿಗುವ ವ್ಯತ್ಯಾಸ ಅಲ್ಪ. ಅದೇ ಹಣವನ್ನು ಒಳ್ಳೆಯ ಬಾಕ್ಸ್ ಮತ್ತು ವೈರ್‌ಗೆ ಹಾಕುವುದು ಲೇಸು.

ಬಾಕ್ಸ್

ಕೋನ್ ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದಿನಿಂದ ಎಳೆಯುತ್ತದೆ. ಎರಡೂ ಅಲೆಗಳು ಸೇರಿದರೆ ಒಂದನ್ನೊಂದು ಅಳಿಸಿಬಿಡುತ್ತವೆ. ತರಂಗಗಳ ಪಾಠದ ವಿನಾಶಕಾರಿ ವ್ಯತೀಕರಣ ಇದೇ. ಹಿಂದಿನ ಅಲೆಯನ್ನು ತಡೆಯಲು ಬಾಕ್ಸ್ ಬೇಕು.

ಪೂರ್ತಿ ಮುಚ್ಚಿದ ಬಾಕ್ಸ್ ಚಿಕ್ಕದು, ಅದರ ಬೇಸ್ ಬಿಗಿಯಾಗಿರುತ್ತದೆ. 12 ಇಂಚಿನ ಸಬ್‌ವೂಫರ್‌ಗೆ ಸಾಮಾನ್ಯವಾಗಿ 28ರಿಂದ 35 ಲೀಟರ್ ಸಾಕಾಗುತ್ತದೆ. ಪೋರ್ಟ್ ಇರುವ ಬಾಕ್ಸ್ ಇದಕ್ಕಿಂತ ದೊಡ್ಡದು. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಬರುವ ಧ್ವನಿಯಂತೆ ಇದರ ಪೋರ್ಟ್ ಒಂದು ಆವೃತ್ತಿಯಲ್ಲಿ ಅನುರಣಿಸಿ, ಅದೇ ವಾಟ್‌ನಲ್ಲಿ ಹೆಚ್ಚು ಜೋರು ಕೊಡುತ್ತದೆ. ಯಾವ ಸ್ಪೀಕರ್‌ಗೆ ಯಾವ ಬಾಕ್ಸ್ ಎಂಬುದನ್ನು ಲೆಕ್ಕದಿಂದ ಹೇಳುವ ದಾರಿಯನ್ನು ತೋರಿಸಿದವರು ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್. ಸಬ್‌ವೂಫರ್ ಜೊತೆ ಬರುವ ಚೀಟಿಯಲ್ಲಿ ಅವರ ಹೆಸರಿನ ಪಟ್ಟಿ ಇರುತ್ತದೆ. ಅದರಲ್ಲಿ ಕ್ಯುಟಿಎಸ್ ಎಂಬ ಸಂಖ್ಯೆ ಸುಮಾರು 0.4ಕ್ಕಿಂತ ಕಡಿಮೆ ಇದ್ದರೆ ಪೋರ್ಟ್ ಬಾಕ್ಸ್, ಹೆಚ್ಚಿದ್ದರೆ ಮುಚ್ಚಿದ ಬಾಕ್ಸ್ ಹೊಂದುತ್ತದೆ. ಬಾಕ್ಸ್‌ಗೆ 18 ಮಿ.ಮೀ. ದಪ್ಪದ ಹಲಗೆ ಬಳಸಿ, ಸಂದುಗಳಲ್ಲಿ ಗಾಳಿ ಸೋರದಂತೆ ಅಂಟು ತುಂಬಿಸಬೇಕು.

ಓಮ್

ಕೆಲವು ಸಬ್‌ವೂಫರ್‌ಗಳಲ್ಲಿ 4 ಓಮ್‌ನ ಎರಡು ಸುರುಳಿಗಳಿರುತ್ತವೆ. ಸರಣಿಯಲ್ಲಿ ಜೋಡಿಸಿದರೆ 8 ಓಮ್, ಸಮಾಂತರವಾಗಿ ಜೋಡಿಸಿದರೆ 2 ಓಮ್. ಆಂಪ್ಲಿಫೈಯರ್ ಮೇಲೆ "ಕನಿಷ್ಠ 4 ಓಮ್" ಎಂದಿದ್ದರೆ 2 ಓಮ್ ಜೋಡಿಸಬಾರದು. ಮಿತಿ ಮೀರಿ ಪ್ರವಾಹ ಹರಿದು ಅದು ಸುಡಬಹುದು.

ವೈರ್ ಮತ್ತು ಫ್ಯೂಸ್

ಇದನ್ನು ದಯವಿಟ್ಟು ಎರಡು ಸಲ ಓದಿ. ಕಳೆದ ರಜೆಯಲ್ಲಿ ಬ್ಯಾಡಗಿಯಿಂದ ಬಾಡಿಗೆ ಗಾಡಿ ಓಡಿಸುವ ಒಬ್ಬರು ಬಂದಿದ್ದರು. ಸೀಸನ್ನಿನ ದುಡಿಮೆ ಉಳಿಸಿ, ಬೇರೆಲ್ಲೋ ಸಬ್‌ವೂಫರ್ ಹಾಕಿಸಿದ್ದರು. ಗಾಡಿಯಲ್ಲಿ ಸುಟ್ಟ ವಾಸನೆ. ಮಾಮೂ ಮ್ಯಾಟ್ ಎತ್ತಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಅಣ್ಣಾ, ಇದರ ಫ್ಯೂಸ್ ಎಲ್ಲೈತಿ?" ಫ್ಯೂಸ್ ಇರಲೇ ಇಲ್ಲ. ಮನೆಯ ಲೈಟಿಗೆ ಹಾಕುವ ತೆಳು ವೈರನ್ನು ಬ್ಯಾಟರಿಯಿಂದ ಡಿಕ್ಕಿವರೆಗೆ ಎಳೆದಿದ್ದರು. ಅದರ ಪ್ಲಾಸ್ಟಿಕ್ ಮೆತ್ತಗಾಗಿ ಮ್ಯಾಟಿಗೆ ಅಂಟಿತ್ತು. ಆ ಗಾಡಿಯಲ್ಲಿ ದಿನವೂ ಶಾಲೆಯ ಮಕ್ಕಳು ಕೂರುತ್ತಿದ್ದರು.

ಹೀಗೇಕಾಯಿತು, ಲೆಕ್ಕ ಮಾಡೋಣ. 300 ವಾಟ್ ಕೊಡುವ, ಶೇ. 80 ದಕ್ಷತೆಯ ಆಂಪ್ಲಿಫೈಯರ್ ಬ್ಯಾಟರಿಯಿಂದ ಎಳೆಯುವುದು 375 ವಾಟ್. ಮನೆಯ 230 ವೋಲ್ಟ್‌ನಲ್ಲಿ ಇದಕ್ಕೆ 2 ಆಂಪಿಯರ್ ಕೂಡ ಬೇಡ. ಕಾರಿನ 12.5 ವೋಲ್ಟ್‌ನಲ್ಲಿ 30 ಆಂಪಿಯರ್ ಬೇಕು! 1.5 ಚದರ ಮಿ.ಮೀ. ತಾಮ್ರದ ವೈರ್ 5 ಮೀಟರ್ ಉದ್ದಕ್ಕೆ ಸುಮಾರು 0.057 ಓಮ್ ರೋಧ ಒಡ್ಡುತ್ತದೆ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿ: ಸುಮಾರು 50 ವಾಟ್ ಶಾಖ, ಅದೂ ಮ್ಯಾಟಿನ ಕೆಳಗೆ. 8 ಗೇಜ್, ಅಂದರೆ ಸುಮಾರು 8.4 ಚದರ ಮಿ.ಮೀ. ವೈರ್ ಹಾಕಿದರೆ ಅದೇ ಶಾಖ 10 ವಾಟ್‌ಗಿಂತ ಕೆಳಗಿಳಿಯುತ್ತದೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ವೈರ್ ಕೂಡ ಮಾರುಕಟ್ಟೆಯಲ್ಲಿದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದಕ್ಕೆ ಇನ್ನೂ ದಪ್ಪ ಬೇಕು.

ಫ್ಯೂಸ್ ಇರುವುದು ಆಂಪ್ಲಿಫೈಯರ್ ಉಳಿಸಲು ಎಂದು ಹಲವರು ತಿಳಿದಿದ್ದಾರೆ. ಬ್ಯಾಟರಿ ಬಳಿ ಹಾಕುವ ಫ್ಯೂಸ್ ವೈರನ್ನು, ಆ ಮೂಲಕ ಗಾಡಿಯನ್ನು ಕಾಯುತ್ತದೆ. ಅದು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ನೆಗೆಟಿವ್ ವೈರ್ ಕೂಡ ಅಷ್ಟೇ ದಪ್ಪ ಇರಲಿ; ಬಾಡಿಯ ಬಣ್ಣ ಕೆರೆದು, ಬರಿ ಲೋಹಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕು. ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಡುವುದನ್ನು ಮರೆಯಬೇಡಿ.

ಹೊಂದಿಸುವ ಕ್ರಮ

1. ಬೇಸ್ ಬೂಸ್ಟ್ ಸೊನ್ನೆಗೆ ಇಡಿ. ಲೋ ಪಾಸ್ ತಿರುಗಣೆಯನ್ನು 80 ಹರ್ಟ್ಜ್‌ಗೆ ತನ್ನಿ.

2. ಸ್ಟೀರಿಯೊ ಧ್ವನಿಯನ್ನು ಮುಕ್ಕಾಲಿಗೆ ಏರಿಸಿ. ನಂತರ ಗೇನ್ ಅನ್ನು ನಿಧಾನವಾಗಿ ಹೆಚ್ಚಿಸಿ. ಧ್ವನಿ ಒಡೆಯತೊಡಗಿದ ಕೂಡಲೇ ಸ್ವಲ್ಪ ಹಿಂದಕ್ಕೆ ತಿರುಗಿಸಿ. ಗೇನ್ ಎಂದರೆ ವಾಲ್ಯೂಮ್ ಅಲ್ಲ. ಒಡೆದ ಧ್ವನಿಯಿಂದಲೇ ಹೆಚ್ಚಿನ ಸುರುಳಿಗಳು ಸುಡುವುದು.

3. ಫೇಸ್ ಗುಂಡಿಯನ್ನು 0 ಮತ್ತು 180 ಡಿಗ್ರಿಗಳಲ್ಲಿ ಹಾಕಿ ನೋಡಿ. ಡ್ರೈವರ್ ಸೀಟಿನಲ್ಲಿ ಕುಳಿತಾಗ ಬೇಸ್ ಎಲ್ಲಿ ತುಂಬಿ ಕೇಳುತ್ತದೋ ಅದೇ ಸರಿ.

4. ಕೊನೆಗೆ ಸಿ. ಅಶ್ವತ್ಥ್ ಹಾಡಿದ ಶಿಶುನಾಳ ಷರೀಫರ ತತ್ವಪದವೊಂದನ್ನು ಹಾಕಿ. ಗಂಡಸರ ದನಿ ಸಾಮಾನ್ಯವಾಗಿ 85 ಹರ್ಟ್ಜ್‌ನಿಂದ ಮೇಲಿರುತ್ತದೆ. ಗಾಯಕರು ಡಿಕ್ಕಿಯೊಳಗೆ ಕುಳಿತು ಹಾಡಿದಂತೆ ಕೇಳಿದರೆ ಲೋ ಪಾಸ್ ಹೆಚ್ಚಾಗಿದೆ ಎಂದರ್ಥ.

ಕಿವಿ ಮತ್ತು ನೆರೆಹೊರೆ

ಉದ್ದ ಅಲೆಗಳು ಗೋಡೆ ದಾಟುತ್ತವೆ. ಹಾಗಾಗಿ ನಿಮ್ಮ ಕಾರಿನ ಹಾಡು ಪಕ್ಕದ ಮನೆಯವರಿಗೆ ಕೇಳದು, "ಧುಂ ಧುಂ" ಮಾತ್ರ ಕೇಳುತ್ತದೆ. ಅಲ್ಲಿ ರೋಗಿಯೋ, ಹಸುಗೂಸೋ, ಪರೀಕ್ಷೆಗೆ ಓದುವವರೋ ಇರಬಹುದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ನಮ್ಮ ಕಿವಿಗೂ ಮಿತಿಯಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ, 90 ಆದರೆ 4 ಗಂಟೆ ಮಾತ್ರ. ಒಳಗಿವಿಯ ಸೂಕ್ಷ್ಮ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ನಿಮ್ಮ ಮನೆಯ ಗಾಡಿಯಲ್ಲಿ ಈಗಾಗಲೇ ಸಬ್‌ವೂಫರ್ ಇದ್ದರೆ ಇಂದೇ ಬಾನೆಟ್ ಎತ್ತಿ. ಬ್ಯಾಟರಿಯಿಂದ ಹೊರಟ ಕೆಂಪು ವೈರ್ ಹಿಡಿದು ಒಂದೂವರೆ ಅಡಿ ಹುಡುಕಿ. ಫ್ಯೂಸ್ ಕಾಣದಿದ್ದರೆ ಅದನ್ನು ಹಾಕಿಸುವವರೆಗೆ ಆ ವೈರ್ ಬಿಚ್ಚಿಸಿಡಿ.