ಟ್ರೇಲರಿನ ಅಚ್ಚು, ಭಾರದ ಹಂಚಿಕೆ ಮತ್ತು ಕಾಯಿದೆ

ರಾಜೂರ, ಗಜೇಂದ್ರಗಡ, ರೋಣದ ಸೀಮೆಯ ಒಕ್ಕಲಿಗರಿಗೆ ಮುಂಭಾರ ಹಿಂಭಾರಗಳ ಮಾತು ಹೊಸದಲ್ಲ. ಚಕ್ಕಡಿಯಲ್ಲಿ ಜೋಳದ ಚೀಲಗಳನ್ನು ಹೇರುವಾಗ ಮುಂದೆ ಹೆಚ್ಚಾದರೆ ನೊಗವು ಎತ್ತಿನ ಹೆಗಲನ್ನು ಒತ್ತಿ ಹುಣ್ಣು ಮಾಡುವದು. ಹಿಂದೆ ಹೆಚ್ಚಾದರೆ ಮೂಕಿಯು ಮೇಲಕ್ಕೆದ್ದು ಕೊರಳ ಹಗ್ಗವು ಎತ್ತಿನ ಗಂಟಲನ್ನು ಬಿಗಿಯುವದು. ಆದುದರಿಂದ ತಿಳಿದ ಒಕ್ಕಲಿಗನು ಮೂಕಿಯನ್ನು ಕೈಯಿಂದ ಎತ್ತಿ ನೋಡಿ, ಒಂದೆರಡು ಚೀಲಗಳನ್ನು ಆಚೀಚೆ ಸರಿಸಿ, ಅನಂತರವೇ ಎತ್ತುಗಳನ್ನು ಹೂಡುವನು. ಎತ್ತು ನರಳಿದರೆ ಕಣ್ಣಿಗೆ ಕಾಣುವದು, ಟ್ರ್ಯಾಕ್ಟರು ನರಳಲಾರದು. ಇದರಿಂದಲೇ ಏನೋ, ಟ್ರೇಲರನ್ನು ಹೇರುವಾಗ ಆ ಹಳೆಯ ಎಚ್ಚರವು ನಮ್ಮಲ್ಲಿ ಉಳಿದಿಲ್ಲ.

ಎರಡು ಗಾಲಿಯ ಟ್ರೇಲರಿನ ಭಾರವು ಎರಡು ಕಡೆಗೆ ಇಳಿಯುವದು. ಒಂದು ಪಾಲು ಅದರ ಅಚ್ಚಿನ ಮೇಲೆ, ಇನ್ನೊಂದು ಪಾಲು ಟ್ರ್ಯಾಕ್ಟರಿನ ಹುಕ್ಕಿನ ಮೇಲೆ. ತನ್ನ ಭಾರದ ಒಂದಂಶವನ್ನು ಎಳೆಯುವ ವಾಹನದ ಮೇಲೆ ಊರಿಕೊಂಡಿರುವಂತೆ ಕಟ್ಟಿದ ಬಂಡಿಗೆ 1988ರ ಮೋಟಾರು ವಾಹನ ಕಾಯಿದೆಯು ಸೆಮಿ-ಟ್ರೇಲರು ಎಂಬ ಬೇರೆ ಹೆಸರನ್ನಿಟ್ಟಿದೆ. ಹೆದ್ದಾರಿಯ ಉದ್ದನೆಯ ಲಾರಿಗಳು ಈ ಜಾತಿಯವು. ನಮ್ಮ ಹೊಲದ ಟ್ರೇಲರಿನ ಹೆಸರು ಕಾಗದದಲ್ಲಿ ಬೇರೆಯಾದರೂ, ಎರಡು ಗಾಲಿಯದಾದರೆ ತೂಕದ ಲೆಕ್ಕವು ಒಂದೇ ಆಗಿರುತ್ತದೆ. ಮುಂದೆ ತಿರುಗುವ ಅಚ್ಚುಳ್ಳ ನಾಲ್ಕು ಗಾಲಿಯ ಟ್ರೇಲರು ಹುಕ್ಕಿನ ಮೇಲೆ ಭಾರವನ್ನು ಹೆಚ್ಚಾಗಿ ಹಾಕುವದಿಲ್ಲವಾದ್ದರಿಂದ ಅದರ ವಿಚಾರವನ್ನು ಇಲ್ಲಿ ಬಿಟ್ಟಿದೆ.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಹುಕ್ಕಿನಿಂದ ಅಚ್ಚಿನವರೆಗೆ 10 ಅಡಿ ಇದೆ ಎಂದೂ, 50 ಕಿಲೋ ತೂಗುವ 60 ಉಳ್ಳಾಗಡ್ಡಿ ಚೀಲಗಳನ್ನು, ಅಂದರೆ 30 ಕ್ವಿಂಟಲ್ ಮಾಲನ್ನು ಹೇರಿದೆ ಎಂದೂ ತಿಳಿಯಿರಿ. ಮಾಲಿನ ಭಾರಕೇಂದ್ರವು ಅಚ್ಚಿನಿಂದ 2 ಅಡಿ ಮುಂದಿದ್ದರೆ ಹತ್ತರಲ್ಲಿ ಎರಡು ಪಾಲು, ಅಂದರೆ 6 ಕ್ವಿಂಟಲ್ ಹುಕ್ಕಿನ ಮೇಲೂ 24 ಕ್ವಿಂಟಲ್ ಅಚ್ಚಿನ ಮೇಲೂ ಬೀಳುವದು. ಭಾರಕೇಂದ್ರವು ಅಚ್ಚಿನ ನೇರಕ್ಕೇ ಬಂದರೆ ಹುಕ್ಕಿನ ಮೇಲೆ ಏನೂ ಉಳಿಯದು. ಅರ್ಧ ಅಡಿ ಹಿಂದೆ ಸರಿದರೆ ಹುಕ್ಕನ್ನು ಒಂದೂವರೆ ಕ್ವಿಂಟಲ್ ಬಲದಿಂದ ಮೇಲಕ್ಕೆ ಎತ್ತುವದು; ಆಗ ಟ್ರ್ಯಾಕ್ಟರಿನ ಹಿಂಗಾಲಿಗಳ ಹಿಡಿತವು ಸಡಿಲಾಗಿ, ಇಳಿಜಾರಿನಲ್ಲಿ ಬ್ರೇಕು ಒತ್ತಿದೊಡನೆ ಟ್ರೇಲರು ಅಡ್ಡಕ್ಕೆ ತಳ್ಳುವದು.

ಹಾಗೆಂದು ಭಾರವನ್ನೆಲ್ಲ ಮುಂದೆ ಒಟ್ಟುವದೂ ತಪ್ಪೇ. ಹುಕ್ಕು ಟ್ರ್ಯಾಕ್ಟರಿನ ಹಿಂದಿನ ಅಚ್ಚಿನಿಂದ 2 ಅಡಿ ಹಿಂದಿದ್ದು, ಟ್ರ್ಯಾಕ್ಟರಿನ ಎರಡು ಅಚ್ಚುಗಳ ನಡುವೆ 6 ಅಡಿ ಇದ್ದರೆ, ಹುಕ್ಕಿನ ಮೇಲಿನ 6 ಕ್ವಿಂಟಲ್ ಭಾರವು ಮುಂದಿನ ಗಾಲಿಗಳಿಂದ 2 ಕ್ವಿಂಟಲನ್ನು ಕಿತ್ತುಕೊಂಡು ಹಿಂದಿನ ಗಾಲಿಗಳ ಮೇಲೆ 8 ಕ್ವಿಂಟಲನ್ನು ಹೊರಿಸುವದು. ಮುಂಗಾಲಿಗಳು ಹಗುರಾದಷ್ಟು ಸ್ಟಿಯರಿಂಗು ಮಾತು ಕೇಳದು. ಗುಡ್ಡದ ಏರಿನಲ್ಲಿ, ಇಲ್ಲವೆ ಹಳ್ಳದ ದಂಡೆಯನ್ನು ಹತ್ತುವಾಗ, ಮೂತಿಯೇ ಮೇಲಕ್ಕೇಳುವದುಂಟು. ಮಡ್‌ಗಾರ್ಡಿನ ಮೇಲೆ ಆಳುಮಕ್ಕಳನ್ನು ಕೂಡ್ರಿಸಿಕೊಂಡು ಹೋಗುವ ರೂಢಿಯನ್ನು ಊರ ಗೌಡರು ಕಂಡೂ ಕಾಣದವರಂತೆ ಇರುತ್ತಾರೆ. ಇಂಥ ಹೊತ್ತಿನಲ್ಲಿ ಮೊದಲು ಬೀಳುವವರು ಅವರೇ.

ಭಾರವನ್ನು ಸರಿಪಡಿಸಲು ಎರಡು ದಾರಿಗಳುಂಟು: ಮಾಲನ್ನು ಸರಿಸುವದು, ಇಲ್ಲವೆ ಅಚ್ಚನ್ನು ಸರಿಸುವದು. ಮೇಲಿನ ಉದಾಹರಣೆಯಲ್ಲಿ ಹಿಂದಿನ 10 ಚೀಲಗಳನ್ನು 6 ಅಡಿ ಮುಂದಕ್ಕೆ ತಂದರೆ ಹುಕ್ಕಿನ ಭಾರವು 3 ಕ್ವಿಂಟಲ್ ಏರಿ, ಅಚ್ಚಿನದು ಅಷ್ಟೇ ಇಳಿಯುವದು. ಅಚ್ಚನ್ನೇ 1 ಅಡಿ ಹಿಂದಕ್ಕೆ ಒಯ್ದರೆ ಹುಕ್ಕಿನ ಭಾರವು 6ರಿಂದ 8 ಕ್ವಿಂಟಲಿಗಿಂತ ತುಸು ಮೇಲಕ್ಕೆ ಹೋಗುವದು. ಅಮೇರಿಕೆಯ ಅನೇಕ ಸೆಮಿ-ಟ್ರೇಲರುಗಳಲ್ಲಿ ಹಿಂದಿನ ಜೋಡು ಅಚ್ಚನ್ನು ಹಳಿಯ ಮೇಲೆ ಸರಿಸಿ, ತೂತುಗಳಲ್ಲಿ ಗೂಟ ಹಾಕಿ ಭದ್ರಪಡಿಸುವ ಏರ್ಪಾಡು ಇದೆ. ಅಲ್ಲಿ ಜೋಡು ಅಚ್ಚಿಗೆ 34,000 ಪೌಂಡಿನ ಮಿತಿಯಿರುವದರಿಂದ ಚಾಲಕನು ತೂಗಿಸಿ, ಸರಿಸಿ, ಮತ್ತೆ ತೂಗಿಸುವನು. ನಮ್ಮ ಟ್ರೇಲರಿನ ಅಚ್ಚಾದರೋ ಕಮಾನು ಪಟ್ಟಿಗೆ ಬಿಗಿದು ನಿಂತದ್ದು. ಅದನ್ನು ಬೆಸುಗೆಯವನ ಅಂಗಡಿಯಲ್ಲಿ ಕಿತ್ತು ಬೇರೆಡೆಗೆ ಕೂಡ್ರಿಸುವದು ಅಪಾಯಕರವಷ್ಟೇ ಅಲ್ಲ, ನೋಂದಣಿ ಪತ್ರದ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವದನ್ನು ಕಾಯಿದೆಯ 52ನೆಯ ಕಲಮು ತಡೆದಿದೆ. ಅಚ್ಚು ತಪ್ಪಾದ ಸ್ಥಳದಲ್ಲಿದೆ ಎಂದು ಕಂಡರೆ ಕಟ್ಟಿದವನ ಬಳಿಗೇ ಒಯ್ಯತಕ್ಕದ್ದು. ಕೊಳ್ಳುವ ಮೊದಲೇ ಖಾಲಿ ಟ್ರೇಲರಿನ ಹುಕ್ಕನ್ನು ಎತ್ತಿ ನೋಡುವದು ಇನ್ನೂ ಲೇಸು.

ಒಟ್ಟು ಭಾರವು ನೋಂದಣಿ ಪತ್ರದಲ್ಲಿ ಬರೆದುದನ್ನು ಮೀರಕೂಡದು. ಮೀರಿದರೆ 2019ರ ತಿದ್ದುಪಡಿಯ ಮೇರೆಗೆ 20,000 ರೂಪಾಯಿ ದಂಡವೂ, ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿಯೂ, ಮೇಲಾಗಿ ಮಾಲು ಇಳಿಸುವ ಖರ್ಚೂ ಬೀಳುವವು. ಪಕ್ಕಕ್ಕೂ ಹಿಂದಕ್ಕೂ ಮಿತಿಮೀರಿ ಚಾಚಿದ ಕಣಿಕೆಯ ಹೇರಿಗೂ 20,000 ರೂಪಾಯಿ ದಂಡವುಂಟು. ಕಣಿಕೆ ಹಗುರವೆಂಬ ನೆವವು ನಡೆಯದು. ಒಟ್ಟು ಭಾರವು ಸರಿಯಿದ್ದರೂ ಒಂದು ಅಚ್ಚಿನ ಮೇಲೆ ಹೆಚ್ಚಾದರೆ ಅದೂ ತಪ್ಪೇ. ಲಾರಿ ಹಿಡಿದು ಮಾಲು ಕಳಿಸುವವರು ತಿಳಿದಿರಲಿ: 2018ರ ಜುಲೈಯಲ್ಲಿ ನಾಲ್ಕು ಟಾಯರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೂ, ಜೋಡು ಅಚ್ಚಿನದನ್ನು 19ರಿಂದ 21ಕ್ಕೂ ಏರಿಸಲಾಯಿತು.

ಈ ಕಟ್ಟುಪಾಡು ದಂಡ ವಸೂಲಿಗಾಗಿಯೇ ಹುಟ್ಟಿದ್ದೆಂದು ಹಲವರ ದೂರು. 1958ರಿಂದ 1960ರವರೆಗೆ ಅಮೇರಿಕೆಯ ಇಲಿನಾಯ್ ಸಂಸ್ಥಾನದಲ್ಲಿ ಲಾರಿಗಳನ್ನು ಓಡಿಸಿ ನಡೆಸಿದ ರಸ್ತೆ ಪರೀಕ್ಷೆಯಿಂದ, ಅಚ್ಚಿನ ಭಾರವು ಇಮ್ಮಡಿಯಾದರೆ ರಸ್ತೆಯ ಹಾನಿಯು ಸುಮಾರು ಹದಿನಾರು ಮಡಿಯಾಗುವದೆಂದು ತಿಳಿದುಬಂದಿತು. ಎರೆಭೂಮಿಯು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದು. ಅದರ ಮೇಲಿನ ನಮ್ಮ ಊರದಾರಿಗಳಿಗೆ ಈ ಹಾನಿಯನ್ನು ತಾಳುವ ಶಕ್ತಿಯು ಇನ್ನೂ ಕಡಿಮೆ.

ತೂಗಿ ನೋಡುವ ಕ್ರಮವು ಸುಲಭವಾದುದು. ಸುಗ್ಗಿಯ ಮೊದಲ ಹೇರನ್ನು ವೇಬ್ರಿಜ್ಜಿಗೆ ಒಯ್ದು ಮೊದಲು ಇಡೀ ಗಾಡಿಯನ್ನು ತೂಗಿಸಿರಿ. ಅನಂತರ ಟ್ರ್ಯಾಕ್ಟರನ್ನು ಮುಂದಕ್ಕೆ ಇಳಿಸಿ ಟ್ರೇಲರಿನ ಗಾಲಿಗಳು ಮಾತ್ರ ತಕ್ಕಡಿಯ ಮೇಲಿರುವಂತೆ ನಿಲ್ಲಿಸಿರಿ. ನೆಲವು ಸಮನಾಗಿರಬೇಕು, ಹುಕ್ಕು ಬಿಚ್ಚಕೂಡದು. ಎರಡನೆಯ ತೂಕವು ಟ್ರೇಲರಿನ ಅಚ್ಚಿನದು. ಅದನ್ನು ಮೊದಲಿನದರಲ್ಲಿ ಕಳೆದರೆ ಟ್ರ್ಯಾಕ್ಟರು ಹೊತ್ತ ಭಾರವು ಬರುವದು. ಅದರಲ್ಲಿ ಟ್ರ್ಯಾಕ್ಟರಿನ ಸ್ವಂತ ತೂಕವನ್ನು ಕಳೆದರೆ ಹುಕ್ಕಿನ ಪಾಲು ತಿಳಿಯುವದು. ಟ್ರ್ಯಾಕ್ಟರಿನ ಪುಸ್ತಕದಲ್ಲಿ ಹೇಳಿದ ಮಿತಿಯೊಳಗೆ ಅದು ಬರುವವರೆಗೆ ಚೀಲಗಳನ್ನು ಸರಿಸಿ, ಹೊಂದಿಕೆಯಾದ ಬಳಿಕ ಚೀಲದ ಸಾಲುಗಳು ಎಲ್ಲಿಗೆ ನಿಂತವೋ ಅಲ್ಲಿ ಟ್ರೇಲರಿನ ಒಳಪಕ್ಕಕ್ಕೆ ಬಣ್ಣದ ಗೆರೆ ಹಾಕಿಸಿರಿ. ಮರುದಿನ ಹೇರುವ ಆಳು ಬೇರೆಯವನಾದರೂ ಗೆರೆಯನ್ನು ನೋಡಿ ಹೇರುವನು.